ಕಷ್ಟಕಾಲಕ್ಕೆ ಆಗೋ ಪಾರ್ಕ್ ಮಾಡೋದು ಹೇಗೆ: ಜಾಗ ಅಳೆಯೋದ್ರಿಂದ ಹಿಡಿದು ಕೀಲಿ ಇಡೋವರೆಗೆ

1923ರ ಸೆಪ್ಟೆಂಬರ್ 1, ಮಧ್ಯಾಹ್ನದ ಊಟದ ಹೊತ್ತು, ಟೋಕಿಯೋದಲ್ಲಿ ದೊಡ್ಡ ಭೂಕಂಪ ಆಯ್ತು. ಮನೆಮನೇಲಿ ಒಲೆ ಉರೀತಿತ್ತು, ಮರದ ಮನೆಗಳು, ಜೊತೆಗೆ ಜೋರು ಗಾಳಿ, ನೋಡ್ತಾ ನೋಡ್ತಾ ಊರಿಗೆ ಊರೇ ಹತ್ಕೊಳ್ತು. ಹೋಂಜೋ ಅನ್ನೋ ಕಡೆ ಮೊದಲು ಸೈನ್ಯದ ಬಟ್ಟೆ ಡಿಪೋ ಇದ್ದ ದೊಡ್ಡ ಖಾಲಿ ಮೈದಾನ ಇತ್ತು. ಜನ ಹಾಸಿಗೆ, ಪೆಟ್ಟಿಗೆ, ಸಾಮಾನು ಎಲ್ಲ ಹೊತ್ಕೊಂಡು ಅಲ್ಲಿಗೆ ಓಡಿದ್ರು, ಬಯಲು ಅಲ್ವಾ, ಇಲ್ಲಿ ಏನೂ ಆಗಲ್ಲ ಅಂತ. ಸುತ್ತಲಿಂದ ಬೆಂಕಿ ಮುತ್ತಿ, ಸುಂಟರಗಾಳಿ ಥರ ಮೇಲೆದ್ದು, ಆ ಸಾಮಾನಿಗೇ ಹತ್ಕೊಂಡು, ಅದೊಂದೇ ಮೈದಾನದಲ್ಲಿ ಸುಮಾರು 38,000 ಜನ ಸತ್ತುಹೋದ್ರು. ಅದೇ ದಿನ ಅದೇ ಊರಿನ ಉಯೆನೋ ಪಾರ್ಕಲ್ಲಿ ಸುಮಾರು 5 ಲಕ್ಷ ಜನ ಆಶ್ರಯ ಪಡೆದ್ರು. ಉಯೆನೋ ಎತ್ತರದ ಜಾಗ, ತುಂಬಾ ಮರ, ಪಕ್ಕದಲ್ಲೇ ಕೊಳ.

ಈ ಎರಡು ಜಾಗದ ವ್ಯತ್ಯಾಸ ತಲೇಲಿ ಕೂತಮೇಲೆ ನಾನು ಪಾರ್ಕ್ ನೋಡೋ ರೀತಿನೇ ಬದಲಾಗಿಹೋಯ್ತು. ಖಾಲಿ ಜಾಗ ಇದ್ರೆ ಸಾಕು ಅನ್ನೋರಿಗೆ ನಾನು ಮೊದಲು ಹೇಳೋದು ಇದೇ ಕಥೆ. ಆಮೇಲೆ ಟೋಕಿಯೋದವ್ರು ಪಾಠ ಕಲಿತು ಸುಮಿದಾ, ಹಮಾಚೋ, ಕಿನ್ಶಿ ಅಂತ 3 ದೊಡ್ಡ ಪಾರ್ಕು, ಪ್ರೈಮರಿ ಸ್ಕೂಲುಗಳ ಪಕ್ಕಕ್ಕೆ ಅಂಟ್ಕೊಂಡ ಹಾಗೆ 52 ಸಣ್ಣ ಪಾರ್ಕು ಮಾಡಿದ್ರು. ಸ್ಕೂಲ್ ಪಕ್ಕ ಯಾಕೆ ಅಂದ್ರೆ ಮಕ್ಕಳು ದಿನಾ ಅಲ್ಲೇ ಆಡ್ತಾರೆ, ಅಪ್ಪ ಅಮ್ಮ ದಿನಾ ಅಲ್ಲಿಗೇ ಬರ್ತಾರೆ, ಭಯ ಆದಾಗ ಕಾಲು ತಾನಾಗೇ ಗೊತ್ತಿರೋ ಜಾಗಕ್ಕೆ ಹೋಗತ್ತೆ. ನಾನು ಕೆಳಗೆ ಬರೆಯೋದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ: ಕೆಟ್ಟ ದಿನಕ್ಕೆ ಬೇಕಾದ ಪ್ರತಿಯೊಂದು ವಸ್ತುವೂ ಒಳ್ಳೆ ದಿನದಲ್ಲಿ ಜನರ ಕಣ್ಣಿಗೆ ಬೀಳ್ತಾ, ಕೈಗೆ ಸಿಗ್ತಾ ಇರಬೇಕು.

ಹೆಜ್ಜೆ 1: ಯಾವ ಆಪತ್ತಿಗೆ ಅಂತ ಮೊದಲು ತೀರ್ಮಾನ ಮಾಡಿ

ಎಲ್ಲಾ ಆಪತ್ತಿಗೂ ಆಗೋ ಪಾರ್ಕ್ ಅಂತ ಒಂದು ಇಲ್ಲ. ಪ್ರವಾಹಕ್ಕೆ ತಗ್ಗು ಜಾಗ ಬೇಕು, ನೀರು ಬಂದು ಅಲ್ಲಿ ನಿಲ್ಲಲಿ ಅಂತ. ಭೂಕಂಪಕ್ಕೆ ಎತ್ತರದ, ಸಮತಟ್ಟಾದ, ಒಣಗಿರೋ ಜಾಗ ಬೇಕು. ಬಿಸಿಗಾಳಿಗೆ ದಟ್ಟ ನೆರಳು ಬೇಕು, ಹೆಲಿಕಾಪ್ಟರ್ ಇಳಿಬೇಕಂದ್ರೆ ಒಂದು ಮರನೂ ಇರಬಾರ್ದು. ಇವೆಲ್ಲ ಒಂದಕ್ಕೊಂದು ಜಗಳ ಆಡೋ ಬೇಡಿಕೆಗಳು, ಹಾಗಾಗಿ ನಿಮ್ಮ ಏರಿಯಾಕ್ಕೆ ಯಾವುದು ಬರೋ ಸಾಧ್ಯತೆ ಜಾಸ್ತಿ ಅಂತ ಹಳೇ ದಾಖಲೆ, ಪ್ರವಾಹದ ನಕ್ಷೆ, ಅಲ್ಲೇ ಬಾಳಿ ಬದುಕಿದ ಹಿರಿಯರ ನೆನಪು ಎಲ್ಲ ಒಟ್ಟು ಮಾಡಿ ಮೊದಲೆರಡನ್ನ ಆರಿಸ್ಕೊಳ್ಳಿ.

ಮಳೆ ನೀರೇ ದೊಡ್ಡ ಸಮಸ್ಯೆ ಆದ್ರೆ ಕಲಿಯೋಕೆ ಒಳ್ಳೊಳ್ಳೆ ಉದಾಹರಣೆ ಇದಾವೆ. ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ಶತಮಾನೋತ್ಸವ ಪಾರ್ಕ್ 2017ರಲ್ಲಿ ಶುರುವಾಯ್ತು, 11 ಎಕರೆ. ವಿನ್ಯಾಸ ಮಾಡಿದ ಕೊಚ್ಚಕೋರ್ನ್ ವೊರಾಖೋಮ್ ಅವ್ರು ಇಡೀ ಪಾರ್ಕನ್ನೇ 3 ಡಿಗ್ರಿ ವಾಲಿಸಿಬಿಟ್ರು, ಮೇಲಿಂದ ಹರಿದ ನೀರು ಕೆಳಗಿನ ಕೊಳಕ್ಕೆ ಬಂದು ಸೇರತ್ತೆ, ಸುಮಾರು 10 ಲಕ್ಷ ಗ್ಯಾಲನ್ ಹಿಡಿಯತ್ತೆ. ರಾಟರ್‌ಡ್ಯಾಮಿನ ಬೆಂಥೆಮ್‌ಪ್ಲೈನ್ ಚೌಕ ಬಿಸಿಲಿದ್ದಾಗ ಬಾಸ್ಕೆಟ್‌ಬಾಲ್ ಅಂಕಣ, ಮಳೆ ಜೋರಾದಾಗ ಅದೇ ನೀರಿನ ತೊಟ್ಟಿ. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಮೋಡ ಒಡೆದ ಹಾಗೆ ಮಳೆ ಸುರಿದು ಊರು ಮುಳುಗಿದಮೇಲೆ ಎಂಗಾವೆ ಪಾರ್ಕನ್ನ ಸುಮಾರು 22,600 ಘನ ಮೀಟರ್ ನೀರು ಹಿಡಿಯೋ ಹಾಗೆ ಮತ್ತೆ ಕಟ್ಟಿದ್ರು.

ಇಲ್ಲಿ ಒಂದು ಎಚ್ಚರಿಕೆ: ನೀರು ನಿಲ್ಲೋ ಜಾಗಾನೂ ಟೆಂಟ್ ಹಾಕೋ ಜಾಗಾನೂ ಒಂದೇ ಆಗಬಾರ್ದು. ಭೂಕಂಪ ಆದ ಮರುದಿನ ಮಳೆ ಬರಲ್ಲ ಅಂತ ಯಾರೂ ಬರೆದುಕೊಡಲ್ಲ. ಪಾರ್ಕನ್ನ ಎರಡು ಮಟ್ಟ ಮಾಡಿ, ತಗ್ಗು ಭಾಗ ನೀರಿಗೆ, ದಿಬ್ಬದ ಭಾಗ ಜನಕ್ಕೆ.

ಹೆಜ್ಜೆ 2: ನಿಜವಾಗಿ ಎಷ್ಟು ಜನ ಹಿಡೀತಾರೆ ಲೆಕ್ಕ ಹಾಕಿ

ನಕ್ಷೆ ಮೇಲಿರೋ ವಿಸ್ತೀರ್ಣ ನೋಡಿ ಮೋಸ ಹೋಗ್ಬೇಡಿ. 100 ಮೀಟರ್ ಉದ್ದ 100 ಮೀಟರ್ ಅಗಲದ ಒಂದು ಪಾರ್ಕ್ ತಗೊಳ್ಳೋಣ, ಅಂದ್ರೆ ಸರಿಯಾಗಿ 1 ಹೆಕ್ಟೇರ್, 10,000 ಚದರ ಮೀಟರ್. ನಾಲ್ಕೂ ಕಡೆ ಕಟ್ಟಡ ಇದಾವೆ ಅಂದ್ಕೊಳ್ಳಿ. ಗಾಜು, ಗೋಡೆ, ಮೇಲಿಟ್ಟ ಟ್ಯಾಂಕು ಇವೆಲ್ಲ ಬೀಳೋದು ಅಂಚಿಗೆ, ಹಾಗಾಗಿ ಒಂದೊಂದು ಕಡೆ 10 ಮೀಟರ್ ಬಿಟ್ರೆ (ಎತ್ತರದ ಕಟ್ಟಡ ಇದ್ರೆ ಇನ್ನೂ ಜಾಸ್ತಿ ಬಿಡ್ಬೇಕು) ಉಳಿಯೋದು 80 ಇಂಟು 80, ಅಂದ್ರೆ 6,400. ಬರೀ ಅಂಚಲ್ಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯ್ತು ನೋಡಿ! ಅದರಲ್ಲಿ ಕೊಳ, ಇಳಿಜಾರು, ಪೊದೆ, ಶೆಡ್ಡು ಅಂತ ಒಂದು 1,900 ಕಳೀರಿ, 4,500 ಉಳೀತು.

ಈಗ ಜನ. ಕೆಲವು ಗಂಟೆ ನಿಂತು ಕೂತು ಕಾಯೋದಾದ್ರೆ ಜಪಾನಿನಲ್ಲಿ ತಲೆಗೆ 2 ಚದರ ಮೀಟರ್ ಹಿಡೀತಾರೆ, ಆ ಲೆಕ್ಕದಲ್ಲಿ 2,250 ಜನ. ಆದ್ರೆ ಅದೇ ಜನ ವಾರಗಟ್ಟಲೆ ಟೆಂಟ್ ಹಾಕಿ ಉಳೀಬೇಕಂದ್ರೆ ಕಥೆ ಬೇರೆ. ಜಗತ್ತಿನ ಪರಿಹಾರ ಸಂಸ್ಥೆಗಳು ಪಾಲಿಸೋ ಸ್ಫಿಯರ್ ಮಾನದಂಡದಲ್ಲಿ ಮಲಗೋಕೆ ಸೂರಿನಡಿ ತಲೆಗೆ ಕನಿಷ್ಠ 3.5 ಚದರ ಮೀಟರ್, ಆಮೇಲೆ ದಾರಿ, ಶೌಚಾಲಯ, ಅಡುಗೆ ಜಾಗ, ಬೆಂಕಿ ಅಂತರ ಎಲ್ಲ ಸೇರಿಸಿದ್ರೆ ತಲೆಗೆ 45 ಚದರ ಮೀಟರ್. 4,500 ಭಾಗಿಸು 45, ಬರೀ 100 ಜನ!

ಈ 2,250 ಮತ್ತು 100ರ ನಡುವಿನ ಅಂತರ ಗೊತ್ತಿಲ್ಲದೇ ಇದ್ರೆ ಪ್ಲಾನ್ ಎಲ್ಲ ಪೇಪರ್ ಮೇಲೇ ಉಳಿಯತ್ತೆ. ಸಣ್ಣ ಪಾರ್ಕಿನ ಕೆಲಸ ಮೊದಲ ಕೆಲವು ಗಂಟೆ, ಹೆಚ್ಚಂದ್ರೆ ಒಂದೆರಡು ರಾತ್ರಿ. ಅಲ್ಲಿಂದ ಜನ ಎಲ್ಲಿಗೆ ಹೋಗ್ತಾರೆ ಅನ್ನೋದನ್ನ ಈಗ್ಲೇ ಗುರುತು ಮಾಡ್ಬೇಕು, ಅಂದ್ರೆ ಸಣ್ಣ ಪಾರ್ಕುಗಳಿಂದ ದೊಡ್ಡ ಪಾರ್ಕಿಗೆ ಒಂದು ಸರಪಳಿ. ಜಪಾನಿನಲ್ಲಿ 1 ಹೆಕ್ಟೇರ್ ಸುತ್ತಮುತ್ತಲಿನದನ್ನ ಹತ್ತಿರದ ಆಶ್ರಯಕ್ಕೆ, 10 ಹೆಕ್ಟೇರ್ ದಾಟಿದ್ದನ್ನ ಇಡೀ ಪ್ರದೇಶದ ಆಶ್ರಯಕ್ಕೆ ಅಂತ ವಿಂಗಡಿಸ್ತಾರೆ. ಕಠ್ಮಂಡು ಕಣಿವೆಯಲ್ಲಿ 2015ರ ಭೂಕಂಪಕ್ಕೂ ಮೊದಲೇ 83 ಬಯಲು ಜಾಗಗಳನ್ನ ಗುರುತಿಸಿಟ್ಟಿದ್ರು. ಒಂದು ಬಯಲಿನ ಮೇಲೇ ಎಲ್ಲ ಭಾರ ಹಾಕಬಾರ್ದು ಅನ್ನೋದೇ ಅಂಥ ಪಟ್ಟಿಯ ಉಪಯೋಗ.

ಹೆಜ್ಜೆ 3: ಒಳಗೆ ಬರೋ ದಾರಿ

ಬೇರೆಬೇರೆ ರಸ್ತೆಗೆ ತೆರೆಯೋ ಹಾಗೆ ಕನಿಷ್ಠ ಮೂರು ಗೇಟ್ ಇರಲಿ, ಯಾಕಂದ್ರೆ ಒಂದು ರಸ್ತೆಗೆ ಕಟ್ಟಡ ಬಿದ್ದಿರಬಹುದು, ಇನ್ನೊಂದ್ರಲ್ಲಿ ಕರೆಂಟ್ ತಂತಿ ಬಿದ್ದಿರಬಹುದು. ಒಂದು ಗೇಟಾದ್ರೂ ಅಗ್ನಿಶಾಮಕ ಗಾಡಿ, ನೀರಿನ ಟ್ಯಾಂಕರ್ ನುಗ್ಗೋವಷ್ಟು ಅಗಲ ಇರಬೇಕು, ಅಳತೆ ಎಷ್ಟು, ಎಲ್ಲಿ ತಿರುಗಬೇಕು ಅನ್ನೋದನ್ನ ಅಗ್ನಿಶಾಮಕದವ್ರನ್ನೇ ಕರೆದು ಗಾಡಿ ಸಮೇತ ಓಡಿಸಿ ನೋಡಿ. ಹುಲ್ಲಿನ ಕೆಳಗೆ ಜಲ್ಲಿ ಅಥವಾ ರಂಧ್ರ ಇರೋ ಬ್ಲಾಕ್ ಹಾಕಿ ಗಟ್ಟಿ ಮಾಡದಿದ್ರೆ ತುಂಬಿದ ಟ್ಯಾಂಕರ್ ಚಕ್ರ ಹೂತುಹೋಗತ್ತೆ, ಆಮೇಲೆ ಅದೇ ಗಾಡಿ ದಾರಿಗೆ ಅಡ್ಡ.

ಗೇಟಿನ ಹತ್ರ ಮೆಟ್ಟಿಲು ಬೇಡ್ವೇ ಬೇಡ. ವೀಲ್‌ಚೇರ್‌ಗೆ 1ಕ್ಕೆ 12ರ ಇಳಿಜಾರು (1 ಮೀಟರ್ ಏರೋಕೆ 12 ಮೀಟರ್ ಉದ್ದ) ಅಂತ ಹೇಳ್ತಾರಲ್ಲ, ಅದಕ್ಕಿಂತ ಕಡಿದು ಆಗದ ಹಾಗೆ ನೋಡ್ಕೊಳ್ಳಿ, ಸ್ಟ್ರೆಚರ್ ಹೊರೋರಿಗೂ ಅದೇ ಸುಲಭ. ಇನ್ನು ಬೇಲಿ. ರಾತ್ರಿ ಬೀಗ ಹಾಕೋ ಪಾರ್ಕಾದ್ರೆ ಆಪತ್ತು ರಾತ್ರಿನೇ ಬಂದಾಗ ಎತ್ತರದ ಚೂಪು ಬೇಲಿ ಹತ್ತೋಕೆ ಹೋಗಿ ಜನ ಗಾಯ ಮಾಡ್ಕೊಳ್ತಾರೆ. ಸೊಂಟದೆತ್ತರದ ಬೇಲಿ, ಇಲ್ಲಾಂದ್ರೆ ಪೊದೆ ಸಾಲು ಸಾಕು.

ಹೆಜ್ಜೆ 4: ಅಂಚಿನ ಮರಗಳು, ಬೆಂಕಿಗೆ ತಡೆ

ಹೋಂಜೋ ಮೈದಾನದಲ್ಲಿ ಇಲ್ದೇ ಇದ್ದಿದ್ದು ಇದು. ಪಾರ್ಕಿನ ಸುತ್ತ ಮರದ ಪಟ್ಟಿ ಇದ್ರೆ ಬೆಂಕಿಯ ಝಳ ತಡೆಯತ್ತೆ, ಹಾರೋ ಕಿಡಿ ಎಲೆಗೆ ಸಿಕ್ಕಿ ಆರತ್ತೆ. 1995ರ ಕೋಬೆ ಭೂಕಂಪದಲ್ಲಿ ನಗಾತಾ ಅನ್ನೋ ಕಡೆ ದೈಕೊಕು ಅಂತ ಸಣ್ಣ ಪಾರ್ಕು, ಅದರ ಮರದ ಸಾಲಿನ ಹತ್ರ ಬೆಂಕಿ ನಿಂತ್ಕೊಳ್ತು.

ಆದ್ರೆ ಯಾವ ಮರ ಆದ್ರೂ ಆಗಲ್ಲ. ದಪ್ಪ ಎಲೆ, ನೀರಿನಂಶ ಜಾಸ್ತಿ, ವರ್ಷ ಪೂರ್ತಿ ಹಸಿರಾಗಿರೋ ಜಾತಿ ಬೇಕು. ಎಣ್ಣೆ ಅಂಶ ಇರೋ ನೀಲಗಿರಿ, ಅಂಟು ಸುರಿಸೋ ಪೈನ್ ಇವೆಲ್ಲ ಬೆಂಕಿಗೆ ತುಪ್ಪ ಸುರಿದ ಹಾಗೆ. ಬುಡದಲ್ಲಿ ಒಣ ಎಲೆ ರಾಶಿ ಬಿಡಬೇಡಿ. ಒಂದು ಸಾಲಿಗಿಂತ ಎರಡು ಸಾಲು, ಹಿಂದೆ ಎತ್ತರದ ಮರ ಮುಂದೆ ಪೊದೆ, ಆದ್ರೆ ಗೇಟ್ ಹತ್ರ ಮಾತ್ರ ಪೊದೆ ಬೇಡ, ಕಣ್ಣಿಗೆ ದಾರಿ ಕಾಣಬೇಕು. ಒಳಗೆ ಟೆಂಟ್‌ಗಳ ನಡುವೆ ಕನಿಷ್ಠ 2 ಮೀಟರ್ ಅಂತರ, ಆದಷ್ಟೂ ಟೆಂಟಿನ ಎತ್ತರದ ಎರಡರಷ್ಟು. ಸಾಮಾನು ರಾಶಿ ಹಾಕೋಕೆ ಜನರಿಂದ ದೂರ ಒಂದು ಮೂಲೆ ಗುರುತು ಮಾಡಿ, ಇದನ್ನ ಮಾತ್ರ ಮರೀಬೇಡಿ.

ಹೆಜ್ಜೆ 5: ನೀರು

ಸ್ಫಿಯರ್ ಲೆಕ್ಕ: ಕುಡಿಯೋಕೆ ಮತ್ತು ಊಟಕ್ಕೆ ತಲೆಗೆ ದಿನಕ್ಕೆ 2.5ರಿಂದ 3 ಲೀಟರ್, ತೊಳೆಯೋದು ಅಡುಗೆ ಎಲ್ಲ ಸೇರಿ 15 ಲೀಟರ್. ನಮ್ಮ 2,250 ಜನಕ್ಕೆ 15 ಲೀಟರ್ ಅಂದ್ರೆ ದಿನಕ್ಕೆ 33,750, ಮೂರು ದಿನಕ್ಕೆ ಒಂದು ಲಕ್ಷ ಲೀಟರ್ ದಾಟತ್ತೆ, ಅಂದ್ರೆ ಹತ್ತಿರ ಹತ್ತಿರ 100 ಘನ ಮೀಟರ್ ಟ್ಯಾಂಕ್. ಕೇಳೋಕೆ ದೊಡ್ಡದು ಅನ್ಸತ್ತೆ, ಆದ್ರೆ ಜಪಾನಿನ ಪಾರ್ಕುಗಳ ಕೆಳಗೆ ಈ ಅಳತೆಯ ಟ್ಯಾಂಕುಗಳನ್ನ ನಿಜವಾಗ್ಲೂ ಹೂತಿದ್ದಾರೆ.

ಅಲ್ಲಿ ಮಾಡಿರೋ ಒಂದು ಜಾಣತನ ನನಗೆ ತುಂಬಾ ಇಷ್ಟ. ಟ್ಯಾಂಕನ್ನ ಊರಿನ ನೀರಿನ ಪೈಪಿನ ದಾರಿಯಲ್ಲೇ ಕೂರಿಸ್ತಾರೆ, ದಿನಾ ಮನೆಗಳಿಗೆ ಹೋಗೋ ನೀರು ಇದರೊಳಗಿಂದಾನೇ ಹಾದು ಹೋಗತ್ತೆ, ಹಾಗಾಗಿ ನೀರು ಯಾವಾಗ್ಲೂ ತಾಜಾ. ಭೂಕಂಪ ಆದ ತಕ್ಷಣ ಎರಡೂ ಕಡೆ ವಾಲ್ವ್ ಮುಚ್ಕೊಳ್ಳತ್ತೆ, ಒಳಗಿದ್ದ ನೀರು ಒಳಗೇ ಉಳಿಯತ್ತೆ. ಪ್ರತ್ಯೇಕ ಟ್ಯಾಂಕ್ ಕಟ್ಟಿ ತುಂಬಿಸಿ ಮರೆತುಬಿಟ್ರೆ ಏನಾಗತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ, ಮುಚ್ಚಳ ತೆಗೆದ್ರೆ ನೀರಿನ ಮೇಲೆ ಸೊಳ್ಳೆ ಮರಿ, ತಳದಲ್ಲಿ ಬೆರಳುದ್ದ ಕೆಸರು, ಅದನ್ನ ಕುಡಿಯೋದಿರಲಿ ಕೈ ತೊಳೆಯೋಕೂ ಮನಸಾಗಲಿಲ್ಲ.

ಜೊತೆಗೆ ಒಂದು ಕೈಪಂಪು ಇರಲಿ, ಕರೆಂಟ್ ಹೋದ್ರೆ ಬೋರ್‌ವೆಲ್ ಮೋಟಾರಿಂದ ಏನೂ ಪ್ರಯೋಜನ ಇಲ್ಲ. ಮಕ್ಕಳು ಆಡೋ ಜಾಗದ ಪಕ್ಕಾನೇ ಪಂಪು ಹಾಕಿ, ದಿನಾ ಒತ್ತಿ ಒತ್ತಿ ಆಡ್ತಾರೆ, ವಾಷರ್ ಒಣಗಲ್ಲ, ಕೆಟ್ರೆ ಅವತ್ತೇ ಗೊತ್ತಾಗತ್ತೆ. ನಲ್ಲಿ ಲೆಕ್ಕ 250 ಜನಕ್ಕೆ ಒಂದು, ನಮ್ಮ ಪಾರ್ಕಿಗೆ 9. ಕುಡಿಯೋ ನೀರು, ತೊಳೆಯೋ ನೀರು, ಬೆಂಕಿ ಆರಿಸೋ ನೀರು ಮೂರಕ್ಕೂ ಬೇರೆಬೇರೆ ಬಣ್ಣ ಹಚ್ಚಿ, ಓದೋಕೆ ಬರದೋರಿಗೂ ತಿಳಿಯೋ ಹಾಗೆ ಚಿತ್ರ ಬರೆಸಿ.

ಹೆಜ್ಜೆ 6: ಶೌಚಾಲಯ (ದಯವಿಟ್ಟು ಇದನ್ನ ಹಾರಿಸ್ಕೊಂಡು ಮುಂದೆ ಹೋಗ್ಬೇಡಿ)

ಮೀಟಿಂಗ್‌ಗಳಲ್ಲಿ ಇದರ ಬಗ್ಗೆ ಮಾತಾಡೋಕೆ ಎಲ್ಲರಿಗೂ ಮುಜುಗರ. ಆದ್ರೆ ಶೌಚಾಲಯ ಗಲೀಜಾಗಿದ್ರೆ, ದೂರ ಇದ್ರೆ, ಕತ್ತಲಿದ್ರೆ ಜನ ಏನ್ ಮಾಡ್ತಾರೆ ಗೊತ್ತಾ, ನೀರು ಕುಡಿಯೋದನ್ನೇ ಕಮ್ಮಿ ಮಾಡ್ತಾರೆ, ಅದರಲ್ಲೂ ಹೆಂಗಸ್ರು, ವಯಸ್ಸಾದೋರು. ನೀರು ಕಮ್ಮಿ ಆಗಿ, ಇಕ್ಕಟ್ಟಲ್ಲಿ ಕೂತಲ್ಲೇ ಕೂತು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಜೀವ ಹೋಗತ್ತೆ. 2004ರಲ್ಲಿ ಜಪಾನಿನ ನೀಗಾತಾ ಭೂಕಂಪದ ನಂತರ ಕಾರಿನಲ್ಲೇ ಮಲಗ್ತಿದ್ದ ಜನರಲ್ಲಿ ಹೀಗೇ ಸಾವುಗಳಾದ್ವು. ಭೂಕಂಪದಲ್ಲಿ ಬದುಕಿ ಉಳಿದೋರು ಆಮೇಲೆ ಹೀಗೆ ಹೋಗೋದು ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ಮೊದಮೊದಲ ದಿನಗಳಿಗೆ 50 ಜನಕ್ಕೆ ಒಂದು, ಆಮೇಲೆ ಸಾಧ್ಯ ಆದಷ್ಟು ಬೇಗ 20 ಜನಕ್ಕೆ ಒಂದು. 2,250 ಜನಕ್ಕೆ ಮೊದಲ ರಾತ್ರಿನೇ 45 ಬೇಕು! ಹೆಂಗಸ್ರಿಗೆ ಮೂರು ಗಂಡಸ್ರಿಗೆ ಒಂದು ಅನ್ನೋ ಪ್ರಮಾಣದಲ್ಲಿ ಹಂಚಿ, ಅಂದ್ರೆ 34 ಮತ್ತು 11. ಮಲಗೋ ಜಾಗದಿಂದ 50 ಮೀಟರ್ ಒಳಗೆ ಇರಬೇಕು, ಒಳಗಿಂದ ಚಿಲಕ ಇರಬೇಕು, ಬೆಳಕು ಇರಬೇಕು.

ಇಷ್ಟೊಂದು ಎಲ್ಲಿಂದ ತರೋದು ಅಂದ್ರೆ ಮ್ಯಾನ್‌ಹೋಲ್ ಶೌಚಾಲಯ. ಒಳಚರಂಡಿ ಪೈಪಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಮುಚ್ಚಳ ಮಾಡಿಟ್ಟಿರ್ತಾರೆ, ಸಾಮಾನ್ಯ ದಿನ ಅದರ ಮೇಲೆ ಜನ ವಾಕಿಂಗ್ ಮಾಡ್ತಾ ಇರ್ತಾರೆ. ಆಪತ್ತು ಬಂದಾಗ ಮುಚ್ಚಳ ತೆಗೆದು, ಮೇಲೆ ಕೂರೋ ಸೀಟ್ ಇಟ್ಟು, ಸುತ್ತ ಟೆಂಟ್ ಕಟ್ಟಿದ್ರೆ ಆಯ್ತು, ಪಕ್ಕದ ಕೊಳದ ನೀರು ಬಿಟ್ಟು ಹರಿಸ್ತಾರೆ. ಊರಿನ ಚರಂಡಿನೇ ಒಡೆದಿದ್ರೆ ಅಂತ ಕೊನೇಲಿ ಒಂದು ಗೇಟ್ ಇಟ್ಟು ಪೈಪೊಳಗೇ ಸ್ವಲ್ಪ ದಿನ ಹಿಡಿದಿಡೋ ಹಾಗೂ ಮಾಡಬಹುದು. ಗುಂಡಿ ತೋಡೋದೇ ಗತಿ ಅಂತಾದ್ರೆ ಬಾವಿಯಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ 1.5 ಮೀಟರ್ ಮೇಲೆ.

ನಾನಿದ್ದ ಒಂದು ಡ್ರಿಲ್ಲಲ್ಲಿ, ಅಂದ್ರೆ ಆಪತ್ತು ಬಂದ ಹಾಗೆ ಮಾಡೋ ಅಣಕು ಅಭ್ಯಾಸದಲ್ಲಿ, ಆಗಿದ್ದು ಹೇಳ್ತೀನಿ. ಪ್ಲಾನ್ ಪ್ರಕಾರ ಹತ್ತು ಮುಚ್ಚಳ ಹತ್ತು ನಿಮಿಷದಲ್ಲಿ ತೆಗೀಬೇಕು. ಮೊದಲನೇದಕ್ಕೇ ಕೊಕ್ಕೆ ಹಾಕಿ ಎಳೆದ್ರೆ ಅಲ್ಲಾಡ್ಲೇ ಇಲ್ಲ, ಕಬ್ಬಿಣದ ಮುಚ್ಚಳ ಕಬ್ಬಿಣದ ಚೌಕಟ್ಟಿಗೆ ತುಕ್ಕು ಹಿಡಿದು ಒಂದೇ ಆಗಿಹೋಗಿತ್ತು, ಅಂಚಲ್ಲಿ ಹುಲ್ಲು ಬೇರೂರಿತ್ತು. ಇಬ್ಬರು ಹಾರೆ ಹಾಕಿ ಎಬ್ಬಿಸೋಕೆ ಇಪ್ಪತ್ತು ನಿಮಿಷ ಹಿಡೀತು. ಅಷ್ಟರಲ್ಲಿ ಅಲ್ಲಿ ನೋಡ್ತಾ ನಿಂತಿದ್ದ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದ್ರು, "ನಾನು ಅಷ್ಟು ಹೊತ್ತು ತಡ್ಕೊಳ್ಳೋಕೆ ಆಗತ್ತೇನಪ್ಪಾ?" ಅಂತ. ಅವತ್ತಿಂದ ನಾನು ಮುಚ್ಚಳಕ್ಕೆ ವರ್ಷಕ್ಕೆ ಎರಡು ಸಲ ಗ್ರೀಸ್ ಅಂತ ಪ್ಲಾನ್ ಒಳಗೇ ಬರೆಸ್ತೀನಿ, ಸೀಟ್ ಎತ್ತರ ಮಂಡಿ ನೋವಿರೋರಿಗೆ ಆಗತ್ತಾ ಅಂತಾನೂ ನೋಡ್ತೀನಿ.

ಹೆಜ್ಜೆ 7: ಬೆಂಚು, ಚಪ್ಪರ, ಬೆಳಕು

ಜಪಾನಿನಲ್ಲಿ ಕಮಾದೋ ಬೆಂಚ್ ಅಂತ ಇದೆ, ಕಮಾದೋ ಅಂದ್ರೆ ಒಲೆ. ನೋಡೋಕೆ ಮಾಮೂಲಿ ಬೆಂಚು, ಮೇಲಿನ ಹಲಗೆ ತೆಗೆದ್ರೆ ಕೆಳಗೆ ಒಲೆ, ದೊಡ್ಡ ಪಾತ್ರೆ ಇಟ್ಟು ಅಡುಗೆ ಮಾಡಬಹುದು. ಮರದ ಪಟ್ಟಿಯಿಂದ, ಟೆಂಟಿಂದ ದೂರ ಇರೋ ಬೆಂಚುಗಳನ್ನ ಮಾತ್ರ ಹೀಗೆ ಮಾಡಿ. ನೆರಳಿನ ಚಪ್ಪರದ ಕಂಬಕ್ಕೆ ಮೊದಲೇ ಕೊಕ್ಕೆ ಬೆಸುಗೆ ಹಾಕಿಸಿ, ಟಾರ್ಪಾಲು ಎಳೆದು ಕಟ್ಟಿದ್ರೆ ಅದೇ ಪ್ರಥಮ ಚಿಕಿತ್ಸೆ ಕೊಠಡಿ. ಸಣ್ಣ ಉಗ್ರಾಣದಲ್ಲಿ ಹಾರೆ, ಗುದ್ದಲಿ, ಜಾಕು, ಗರಗಸ, ಹಗ್ಗ, ಸ್ಟ್ರೆಚರ್, ಟಾರ್ಪಾಲು, ಮೈಕು ಇಡಿ, ಮೊದಲ ಗಂಟೆಗಳಲ್ಲಿ ಅವಶೇಷದಡಿ ಸಿಕ್ಕಿರೋರನ್ನ ಹೊರಗೆ ಎಳೆಯೋದು ಬಹುಪಾಲು ಅಕ್ಕಪಕ್ಕದೋರೇ.

ದೀಪಕ್ಕೆ ಸೋಲಾರ್, ಕಂಬಕಂಬಕ್ಕೂ ಅದರದ್ದೇ ಬ್ಯಾಟರಿ, ಒಂದು ಕೆಟ್ರೆ ಎಲ್ಲ ಕೆಡದ ಹಾಗೆ. ಒಂದೆರಡು ಕಂಬದಲ್ಲಿ ಫೋನ್ ಚಾರ್ಜ್ ಮಾಡೋ ವ್ಯವಸ್ಥೆ. ಮತ್ತೆ ಒಂದು ದೊಡ್ಡ ಕಪ್ಪು ಹಲಗೆ, ನೆಟ್‌ವರ್ಕ್ ಹೋದಾಗ "ಅಮ್ಮ ಇಲ್ಲಿದ್ದಾರೆ" ಅಂತ ಸೀಮೆಸುಣ್ಣದಲ್ಲಿ ಬರೆದಿಡೋಕೆ.

ಹೆಜ್ಜೆ 8: ಸದ್ದಿಲ್ಲದ ಆಪತ್ತುಗಳು

ಬಿಸಿಗಾಳಿ, ಸಾಂಕ್ರಾಮಿಕ ರೋಗ ಇವಕ್ಕೆ ಸೈರನ್ ಇರಲ್ಲ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಹತ್ತಾರು ಸಾವಿರ ಜನ ಬಿಸಿಲಿಗೆ ಸತ್ರು, ಒಬ್ಬಂಟಿ ವೃದ್ಧರೇ ಜಾಸ್ತಿ. ರಾತ್ರಿ ಮನೆ ತಣ್ಣಗಾಗದೇ ಇರೋದೇ ದೊಡ್ಡ ಅಪಾಯ, ಅದಕ್ಕೇ ಪ್ಯಾರಿಸ್ಸಲ್ಲಿ ಈಗ ಬಿಸಿಗಾಳಿ ಇದ್ದಾಗ ಕೆಲವು ಪಾರ್ಕುಗಳನ್ನ ರಾತ್ರಿಯೂ ತೆರೆದಿಡ್ತಾರೆ. ಇದಕ್ಕೆ ದೊಡ್ಡ ಕಟ್ಟೋಣ ಏನೂ ಬೇಡ, ಎಲೆ ಹರಡಿದ ಮರ, ಕುಡಿಯೋ ನೀರು, ಒರಗಿ ಕೂರೋ ಬೆಂಚು, ರಾತ್ರಿ ಕಾಯೋಕೆ ಜನ.

ಕೊರೋನಾ ಬಂದ 2020ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ ಟೆಂಟ್ ಆಸ್ಪತ್ರೆ ಎದ್ದಿತು, ಅದೇ ಊರಿನ ಡಾಮಿನೋ ಪಾರ್ಕಲ್ಲಿ ಹುಲ್ಲಿನ ಮೇಲೆ ವೃತ್ತ ಬರೆದು ಜನರನ್ನ ದೂರದೂರ ಕೂರಿಸಿದ್ರು. ಹಾಗಾಗಿ ದೊಡ್ಡ ಬಯಲಿನ ಒಂದು ಅಂಚಲ್ಲಿ ನೀರು, ಕರೆಂಟು, ಒಳಚರಂಡಿ ಮೂರಕ್ಕೂ ಸಂಪರ್ಕ ಕೊಡೋ ಪಾಯಿಂಟ್ ಬಿಟ್ಟಿರಿ, ಆಸ್ಪತ್ರೆ ಟೆಂಟು ಬಂದು ನೇರ ಜೋಡಿಸ್ಕೊಳ್ಳಲಿ.

ಹೆಜ್ಜೆ 9: ಜನ, ಡ್ರಿಲ್, ಮತ್ತೆ ಖಾಲಿ ಮಾಡೋದು

ಡಿಸೈನ್ ಹಂತದಲ್ಲೇ ಸುತ್ತಲಿನ ಜನರನ್ನ ಕೂರಿಸ್ಕೊಳ್ಳಿ, ಅದರಲ್ಲೂ ಸಾಮಾನ್ಯವಾಗಿ ಮೀಟಿಂಗಿಗೆ ಬರದೋರನ್ನ ಹುಡುಕಿ ಹೋಗಿ ಕೇಳಿ: ಕಣ್ಣು ಕಾಣದೋರು, ಕೈಕೂಸು ಇರೋ ತಾಯಂದ್ರು, ಭಾಷೆ ಬರದ ವಲಸಿಗರು, ಆ ಪಾರ್ಕಲ್ಲೇ ಮಲಗೋ ಮನೆಯಿಲ್ಲದೋರು. ಈ ಕೊನೆಯೋರಿಗೆ ಎಲ್ಲಿ ಗಾಳಿ ಬೀಸತ್ತೆ, ಎಲ್ಲಿ ನೀರು ನಿಲ್ಲತ್ತೆ ಅನ್ನೋದು ಎಂಜಿನಿಯರ್‌ಗಿಂತ ಚೆನ್ನಾಗಿ ಗೊತ್ತಿರತ್ತೆ.

ವರ್ಷಕ್ಕೊಂದು ಡ್ರಿಲ್, ಅದೂ ಒಂದು ವರ್ಷ ಹಗಲು, ಇನ್ನೊಂದು ವರ್ಷ ರಾತ್ರಿ ದೀಪ ಆರಿಸಿ. ಹಬ್ಬದ ಥರ ಮಾಡಿ, ಒಲೆ ಬೆಂಚ್ ಮೇಲೆ ಅಡುಗೆ ಮಾಡಿ ಎಲ್ಲರೂ ಊಟ ಮಾಡಿ, ಮಕ್ಕಳ ಕೈಲಿ ಟೆಂಟ್ ಕಟ್ಟಿಸಿ, ಆಗ ಜನ ಮುಂದಿನ ವರ್ಷನೂ ಬರ್ತಾರೆ.

ಖಾಲಿ ಮಾಡೋದರ ಬಗ್ಗೆ ಯಾರೂ ಯೋಚನೆ ಮಾಡಲ್ಲ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಅಲ್ಲಿನ ಪಾರ್ಕುಗಳಲ್ಲಿ 5,600ಕ್ಕೂ ಹೆಚ್ಚು ಪುಟ್ಟ ಮರದ ಮನೆ ಕಟ್ಟಿದ್ರು, ಕೊನೆಯ ಶಿಬಿರ ಮುಚ್ಚಿದ್ದು 1908ರಲ್ಲಿ. ಆದ್ರೆ ಅವರು ಒಂದು ಒಳ್ಳೇ ಕೆಲಸ ಮಾಡಿದ್ರು, ಆ ಮನೆಗಳನ್ನ ಜನ ಗಾಡಿ ಮೇಲೆ ಹೇರಿ ತಮ್ಮ ಜಾಗಕ್ಕೆ ಸಾಗಿಸ್ಕೊಂಡು ಹೋಗೋಕೆ ಬಿಟ್ರು. ಯಾರು ಎಷ್ಟು ದಿನ ಇರಬಹುದು, ಆಮೇಲೆ ಎಲ್ಲಿಗೆ, ಹುಲ್ಲು ಮತ್ತೆ ಬೆಳೆಸೋ ಖರ್ಚು ಯಾರದು ಅಂತ ಮೊದಲೇ ಲಿಖಿತವಾಗಿ ಒಪ್ಪಂದ ಮಾಡ್ಕೊಳ್ಳಿ, ಇಲ್ಲಾಂದ್ರೆ ನೊಂದ ಜನಾನೇ ಆಮೇಲೆ ಒತ್ತುವರಿದಾರರು ಅನ್ನಿಸ್ಕೊಳ್ತಾರೆ.

ಇನ್ನು ಕೀಲಿ. ಉಗ್ರಾಣದ್ದು, ಗೇಟಿನದ್ದು, ನೀರಿನ ವಾಲ್ವಿಂದು, ಮ್ಯಾನ್‌ಹೋಲ್ ಕೊಕ್ಕೆ, ಎಲ್ಲದಕ್ಕೂ ಕನಿಷ್ಠ ಮೂರು ಜೊತೆ ಮಾಡಿಸಿ. ಒಂದು ಕಚೇರೀಲಿ, ಇನ್ನೆರಡು ಪಾರ್ಕಿಂದ ನಡೆದು ಐದು ನಿಮಿಷದೊಳಗೆ ಬರಬಲ್ಲ ಎರಡು ಬೇರೆಬೇರೆ ಬೀದಿಯ ಮನೆಗಳಲ್ಲಿ. ಆ ಮನೆಯೋರು ಊರಿಗೆ ಹೋಗೋವಾಗ ಕೀಲಿ ಯಾರ ಕೈಗೆ ಕೊಟ್ಟು ಹೋಗ್ತಾರೆ ಅನ್ನೋದನ್ನೂ ಕೇಳಿ ಬರೆದಿಟ್ಕೊಳ್ಳಿ.